ಅವಳು ಕೈಯಲ್ಲಿ ಹೇಳಿದ್ದು

ಸವದತ್ತಿಯ ಪೊಲೀಸ್ ಠಾಣೆಯಿಂದ ಫೋನ್ ಬಂದಾಗ ನಾನು ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಮೇಲೆ ಶೇಂಗಾ ಒಣಹಾಕುತ್ತಿದ್ದೆ. ಮಾತಾಡಿದವಳು ಒಬ್ಬ ಮಹಿಳಾ ಪೇದೆ. ಚಿಕ್ಕ ವಯಸ್ಸಿನವಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

“ಅಕ್ಕೋರ, ನೀವು ಕಿವುಡ ಮಕ್ಕಳ ಸಾಲ್ಯಾಗ ಕಲಸ್ತಿದ್ರಂತಲ್ರಿ? ಇಲ್ಲೊಂದು ಹುಡುಗಿ ಸಿಕ್ಕೈತ್ರಿ. ಕಿವಿ ಕೇಳೂದಿಲ್ಲ, ಮಾತೂ ಇಲ್ಲ. ಬಸ್ ಸ್ಟ್ಯಾಂಡಿನಾಗ ಒಬ್ಬಾಕೀನ ಕುಂತಿತ್ತು. ಏನ್ ಕೇಳಿದ್ರೂ ಅಳತೈತ್ರಿ. ಒಂದೀಟು ಬಂದು ಹೋಗ್ರಲ್ಲ.”

ನಾನು ನಿವೃತ್ತಳಾಗಿ ಬಹಳ ಕಾಲವೇನೂ ಆಗಿರಲಿಲ್ಲ. ಬೈಲಹೊಂಗಲದ ಹತ್ತಿರದ ವಸತಿ ಶಾಲೆಯೊಂದರಲ್ಲಿ ಕಿವುಡ ಮಕ್ಕಳಿಗೆ ಕಲಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಆದರೆ ಕೈಯಲ್ಲಿ ಮಾತಾಡಲು ಕಲಿತದ್ದು ಅದಕ್ಕೂ ಮುಂಚೆ, ಚಚಡಿಯ ನಮ್ಮ ತವರಿನಲ್ಲಿ. ನನ್ನ ತಮ್ಮ ಹುಟ್ಟು ಕಿವುಡ. ಅವನಿಗೂ ನನಗೂ ನಡುವೆ ನಾವೇ ಮಾಡಿಕೊಂಡ ಕೈಮಾತು ಇತ್ತು. ಊರಿನ ದೇಸಾಯರ ವಾಡೆ ಎಂದರೆ ಎರಡೂ ಕೈಯಿಂದ ದೊಡ್ಡ ಬಾಗಿಲು ನೂಕಿದಂತೆ. ಎತ್ತು ಎಂದರೆ ಹಣೆಯ ಮೇಲೆ ಎರಡು ಬೆರಳು. ಅಪ್ಪನ ಸಿಟ್ಟಿಗೆ ಕೈ ಬೇಡ, ಹುಬ್ಬು ಸಾಕಿತ್ತು. ಮನೆಯ ಉಳಿದವರು ಅವನನ್ನು ಕರೆಯಬೇಕಾದರೆ ಅವನತ್ತ ಒಂದು ಹರಳುಗಲ್ಲು ಎಸೆಯುತ್ತಿದ್ದರು. ಅವನು ಶಾಲೆಯ ಮುಖ ನೋಡಲಿಲ್ಲ. ಈಗಲೂ ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದಾನೆ. ನಾನು ಈ ಕೆಲಸಕ್ಕೆ ಸೇರಿದ್ದು ಅವನ ದೆಸೆಯಿಂದ.

ಶೇಂಗಾದ ಮೇಲೆ ಒಂದು ಹಳೆಯ ಸೀರೆ ಹೊದಿಸಿ, ಉಂಡೆಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸವದತ್ತಿಯ ಬಸ್ಸು ಹತ್ತಿದೆ.

ಠಾಣೆಯ ಪಕ್ಕದ ಕೋಣೆಯಲ್ಲಿ ಆ ಪೇದೆ ನನಗಾಗಿ ಕಾಯುತ್ತಿದ್ದಳು. ಖಾಕಿ ಬಿಟ್ಟು ಚೂಡಿದಾರ ಹಾಕಿಕೊಂಡಿದ್ದಳು. ಮಕ್ಕಳ ಮುಂದೆ ಖಾಕಿ ಹಾಕಬಾರದೆಂಬ ನಿಯಮವಿದೆ. ಕೋಣೆಯ ಮೂಲೆಯಲ್ಲಿ ಹುಡುಗಿ ಮೊಣಕಾಲು ತಬ್ಬಿಕೊಂಡು ಕುಳಿತಿದ್ದಳು. ಹನ್ನೆರಡೋ ಹದಿಮೂರೋ ಇರಬಹುದು. ಮೈಮೇಲೆ ಹೊಸ ಲಂಗ, ಮಾಸಿದ ರವಿಕೆ. ಎರಡೂ ಕೈಗೆ ಮೊಣಕೈ ಹತ್ತಿರದವರೆಗೆ ಹಸಿರು ಗಾಜಿನ ಬಳೆ. ಕತ್ತಿನ ಸುತ್ತ, ಕಿವಿಯ ಹಿಂದೆ ಅರಿಷಿಣ ಇನ್ನೂ ಹಾಗೇ ಮೆತ್ತಿಕೊಂಡಿತ್ತು. ಮದುವಣಗಿತ್ತಿಗೆ ಹಚ್ಚುವ ಅರಿಷಿಣ.

“ಎಲ್ಲಮ್ಮನ ಗುಡ್ಡಕ್ಕ ಬಂದವರ ಕೂಡ ಬಂದು ತಪ್ಪಿಸ್ಕೊಂಡೈತೋ ಏನೋ ಅಂತ ಗುಡ್ಡದ ಮ್ಯಾಲೆಲ್ಲಾ ಕೇಳಿ ಬಂದ್ವಿರಿ. ಯಾರೂ ನಮ್ಮದಲ್ಲ ಅಂದ್ರು. ಬರದು ತೋರ್ಸಿದ್ವಿ, ಓದಾಕ ಬರೂದಿಲ್ಲ. ನಮ್ಮ ಸಾಹೇಬರು ಜೋರಾಗಿ ಕೇಳಿದ್ರು, ಹೆದರ್ಕೊಂಡು ಮೂಲ್ಯಾಗ ಸೇರೈತ್ರಿ,” ಎಂದಳು ಪೇದೆ.

ನಾನು ಏನೂ ಕೇಳಲಿಲ್ಲ. ಅವಳಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತು ಡಬ್ಬಿ ತೆಗೆದೆ. ಒಂದು ಉಂಡೆ ಮುರಿದು ಅರ್ಧ ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ನಮ್ಮಿಬ್ಬರ ನಡುವೆ ಇಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ನಾನು ಕಿವಿ ಮುಟ್ಟಿಕೊಂಡು ಕೈ ಆಡಿಸಿದೆ, ಕೇಳುವುದಿಲ್ಲ ಎಂಬಂತೆ. ಆಮೇಲೆ ನನ್ನ ಎದೆ ಮುಟ್ಟಿ, ಮೀಸೆ ಇಲ್ಲದ ಚಿಕ್ಕ ಹುಡುಗನ ಎತ್ತರ ತೋರಿಸಿ, ಮತ್ತೆ ಕಿವಿ ಮುಟ್ಟಿಕೊಂಡೆ. ನನ್ನ ತಮ್ಮನನ್ನು ಹಾಗೆ ಹೇಳುವುದು ನನಗೆ ರೂಢಿ. ಅವಳು ಮುಖ ಎತ್ತಿದಳು. ತನ್ನ ಕಿವಿ ಮುಟ್ಟಿಕೊಂಡಳು. ಆಮೇಲೆ ಉಂಡೆ ತೆಗೆದುಕೊಂಡಳು.

ಒಂದು ಭಾಷೆಯನ್ನೂ ಕಲಿಯದ ಕಿವುಡ ಮಗುವಿನ ಜೊತೆ ಮಾತಾಡುವುದೆಂದರೆ ಕತ್ತಲ ಕೋಣೆಯಲ್ಲಿ ಕೈಯಾಡಿಸಿದ ಹಾಗೆ. ಒಂದೊಂದು ಮನೆಯ ಸನ್ನೆ ಒಂದೊಂದು. ಅವಳು ಮೊದಲು ತೋರಿಸಿದ್ದು ಹಣೆಯನ್ನು. ದುಂಡಗೆ ಕುಂಕುಮ ಇಟ್ಟಂತೆ ಬೆರಳು ಆಡಿಸಿ, ಅಂಗೈಯಿಂದ ಒರೆಸಿಬಿಟ್ಟಳು. ಎರಡು ಮೂರು ಸಲ ಹಾಗೆಯೇ ಮಾಡಿದಳು. ಅವಳ ಅವ್ವ, ಕುಂಕುಮ ಅಳಿಸಿದವಳು, ವಿಧವೆ. ಅದು ನನಗೆ ಬೇಗ ತಿಳಿಯಿತು. ಅವ್ವ ಎಲ್ಲಿ ಎಂದು ಕೈ ಚಾಚಿ ಕೇಳಿದೆ. ಅವಳು ಅಂಗೈಯನ್ನು ನೆಲಕ್ಕೆ ಊರಿ ಗಡಗಡ ನಡುಗಿಸಿದಳು.

“ರೈಲ್ ಇರಬೇಕೇನ್ರಿ?” ಎಂದಳು ಪೇದೆ.

ನನಗೆ ಹಿಟ್ಟಿನ ಗಿರಣಿ ಎನಿಸಿತು. ಬೀಸುವಂತೆ, ಹಿಟ್ಟು ಹಿಡಿಯುವಂತೆ ಮಾಡಿ ತೋರಿಸಿದೆ. ಹುಡುಗಿ ಸಿಟ್ಟಿನಿಂದ ತಲೆ ಅಲ್ಲಾಡಿಸಿದಳು. ಹತ್ತಿರ ಸರಿದು ನನ್ನ ಸೆರಗಿನ ತುದಿ ಹಿಡಿದು, ಅದರ ಕುಚ್ಚಿನ ಎಳೆಗಳನ್ನು ಬಿಡಿಸಿ, ಅವುಗಳ ನಡುವೆ ಬೆರಳನ್ನು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ತೂರಿಸಿದಳು. ಮತ್ತೆ ನೆಲಕ್ಕೆ ಅಂಗೈ ಊರಿ ನಡುಗಿಸಿದಳು.

ಮಗ್ಗ. ಕರೆಂಟಿನ ಮಗ್ಗ ಓಡುವಾಗ ನೆಲವೇ ನಡುಗುತ್ತದೆ. ನಮಗೆ ಅದು ಸಪ್ಪಳ, ಅವಳಿಗೆ ಅಂಗಾಲಿನಲ್ಲಿ ತಿಳಿಯುವ ಸಂಗತಿ.

“ರಾಮದುರ್ಗದ ಕಡೀದಿರಬೇಕು,” ಎಂದೆ. “ಸುರೇಬಾನದ ದಾರಿ ಹಿಡದು ಮಗ್ಗದ ಓಣಿಗೊಳು ಅದಾವಲ್ಲ, ಅಲ್ಲಿ ಕೇಳಸ್ರಿ.”

ಪೇದೆ ಹೊರಗೆ ಹೋಗಿ ಫೋನಿನಲ್ಲಿ ಮಾತಾಡತೊಡಗಿದಳು. ನಾವಿಬ್ಬರೇ ಉಳಿದೆವು. ನಾನು ಅವಳ ಬಳೆ ಮುಟ್ಟಿ, ಇದೇನು ಎಂಬಂತೆ ನೋಡಿದೆ. ಅವಳು ಎರಡೂ ಕೆನ್ನೆಗೆ ಅರಿಷಿಣ ತಿಕ್ಕಿದಂತೆ ಮಾಡಿದಳು. ತಲೆಯ ಮೇಲೆ ಅಕ್ಕಿಕಾಳು ಬಿದ್ದಂತೆ ಬೆರಳು ಉದುರಿಸಿದಳು. ಕುತ್ತಿಗೆಗೆ ದಾರ ಕಟ್ಟಿದಂತೆ. ಯಾರು ಕಟ್ಟುವವರು ಎಂದು ಕೈಯಲ್ಲೇ ಕೇಳಿದೆ. ಕುಂಕುಮ ಅಳಿಸಿದ ಹಣೆ, ಆಮೇಲೆ ಮೀಸೆ. ಅವ್ವನ ಕಡೆಯ ಗಂಡಸು. ಸೋದರಮಾವ. ಆಮೇಲೆ ಎರಡು ಬೆರಳನ್ನು ಅಂಗೈಯ ಮೇಲೆ ಓಡಿಸಿದಳು. ಓಡಿಸಿ ಓಡಿಸಿ ಅಂಗೈ ಮುಗಿದ ಮೇಲೂ ಗಾಳಿಯಲ್ಲಿ ಓಡಿಸಿದಳು.

ಅಳಲಿಲ್ಲ. ನಾನು ತಿಳಿದುಕೊಂಡೆನೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳನ್ನು ಬೆಳಗಾವಿಯ ಬಾಲಕಿಯರ ಬಾಲಮಂದಿರಕ್ಕೆ ಕಳಿಸಿದರು. ಕೆಲವೇ ದಿನಗಳಲ್ಲಿ ರಾಮದುರ್ಗದಿಂದ ಅವ್ವ ಸಿಕ್ಕ ಸುದ್ದಿ ಬಂತು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಚಾರಣೆ ಇತ್ತು. ಸನ್ನೆ ತಿಳಿದವರೊಬ್ಬರು ಬೇಕೆಂದು ನನ್ನನ್ನು ಕರೆದರು.

ಅವ್ವ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವಳು. ಬಡಕಲು ದೇಹ, ನೂಲಿನ ಧೂಳಿಗೆ ಕೆಂಪಾದ ಕಣ್ಣು. ಮಗಳು ಅವಳನ್ನು ಕಂಡವಳೇ ಓಡಿಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ತಬ್ಬಿಕೊಂಡು ಅತ್ತಳು. ಅಷ್ಟರಲ್ಲಿ ಬಾಗಿಲಲ್ಲಿ ಮಾವ ಕಾಣಿಸಿದ. ಮೂವತ್ತರ ಆಸುಪಾಸಿನ ಗಂಡಸು, ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಮಾತು ಬಹಳ ಮೆತ್ತಗೆ. ಹುಡುಗಿ ಅವ್ವನನ್ನು ಬಿಟ್ಟು ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಮೊದಲು ಅವ್ವನನ್ನು ಕೇಳಿದರು, “ಯಾಕವ್ವ ಇಷ್ಟ ಸಣ್ಣ ಹುಡುಗಿಗೆ ಲಗ್ನ?”

“ನಾ ಸತ್ ಮ್ಯಾಲ ಇಕೀನ್ನ ಯಾರ್ ನೋಡ್ತಾರ್ರಿ ಬಾಯಾರ?” ಎಂದಳು ಅವ್ವ. “ಗಂಡ ಹ್ವಾದ. ಮಾತಿಲ್ದ ಹುಡುಗೀನ್ನ ಕೇಳ್ಕೊಂಡು ಯಾರ್ ಬರ್ತಾರ? ಹೊರಗಿನವರ ಕೈಯಾಗ ಕೊಟ್ರ ಹೊಡದ್ರೂ ಬಡದ್ರೂ ಬಂದು ಹೇಳಾಕ ಬರೂದಿಲ್ಲ ಅದಕ್ಕ. ನನ್ ತಮ್ಮ ಆದ್ರ ಮನ್ಯಾಗ ಇಟ್ಕೊಂಡು ಉಣ್ಣಾಕ ಹಾಕ್ತಾನ. ನನ್ನ ಕಣ್ಮುಂದ ಇರ್ತಾಳ. ಅದಕ್ಕ ಹೂಂ ಅಂದ್ನಿರಿ.”

ಅವಳ ಮಾತು ಕೇಳಿ ನನಗೆ ಸಿಟ್ಟು ಮಾಡಲಾಗಲಿಲ್ಲ. ಮಗಳನ್ನು ಕಾಯಲೆಂದೇ ಅವಳು ಇದಕ್ಕೆ ಒಪ್ಪಿದ್ದಳು.

“ಹುಡುಗೀನ್ನ ಕೇಳೂನು,” ಎಂದರು ಅಧ್ಯಕ್ಷೆ.

ಮಾವ ನಕ್ಕ. “ಆಕಿಗೇನ್ ತಿಳಿತೈತ್ರಿ ಮೇಡಂ? ಮೂಗಿ ಐತ್ರಿ ಅದು. ಕೈ ಆಡಸತೈತಿ ಅಷ್ಟ.”

“ಮಗು ಯಾವುದಾದ್ರೂ ಇರ್ಲಿ, ಅದನ್ನ ಕೇಳದ ನಾವು ಏನೂ ಮಾಡೂದಿಲ್ಲ,” ಎಂದರು ಅವರು, ದನಿ ಏರಿಸದೆ.

ತರಬೇತಿಗಳಲ್ಲಿ ನಾನು ಅದನ್ನು ಬಹಳ ಸಲ ಕೇಳಿದ್ದೆ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ಅದು ಮಗುವಿನ ಹಕ್ಕು, ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಇದನ್ನು ಒಪ್ಪಿಕೊಂಡಿವೆ ಎಂದು ಹೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ಈಗ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೇಗೆ ಕೇಳುವುದು? “ಮನೆಗೆ ಹೋಗುತ್ತೀಯಾ” ಎಂದು ಕೇಳಬಹುದು. ಮೇಲೆ ಸೂರು ಮಾಡಿ, ಅವ್ವನನ್ನು ತೋರಿಸಿದರೆ ಆಯಿತು. “ಲಗ್ನ ಬೇಕೋ ಬೇಡವೋ” ಎಂದೂ ಕೇಳಬಹುದು. ಆದರೆ “ನೀನು ಮನೆಗೆ ಹೋಗು, ಲಗ್ನ ಮಾತ್ರ ಆಗುವುದಿಲ್ಲ, ನಾವು ನೋಡಿಕೊಳ್ಳುತ್ತೇವೆ” ಎಂದು ಹೇಗೆ ಹೇಳುವುದು? ನಾಳೆ ಎನ್ನುವುದಕ್ಕೆ ಅವಳ ಬಳಿ ಸನ್ನೆ ಇರಲಿಲ್ಲ. ಮಾತು ಕೊಡುವುದಕ್ಕೂ ಇರಲಿಲ್ಲ. ಅವಳಿಗೆ ಇದ್ದದ್ದು ಇವತ್ತಿನ ಕೋಣೆ, ಕೋಣೆಯಲ್ಲಿದ್ದ ಅವ್ವ, ಬಾಗಿಲ ಹತ್ತಿರ ನಿಂತ ಮಾವ.

ನಾನು ಅವ್ವನನ್ನು ತೋರಿಸಿದೆ. ಹುಡುಗಿ ತಲೆಯ ಕೆಳಗೆ ಕೈ ಇಟ್ಟು ಅವ್ವನ ಪಕ್ಕ ಮಲಗಿದಂತೆ ಮಾಡಿದಳು. ಹೌದು, ಅವ್ವ ಬೇಕು. ಆಮೇಲೆ ನಾನು ಕೆನ್ನೆಗೆ ಅರಿಷಿಣ ತಿಕ್ಕಿಕೊಂಡಂತೆ ಮಾಡಿ, ಮಾವನ ಕಡೆ ನೋಡದೆ, ಮೀಸೆ ತೋರಿಸಿದೆ.

ಅವಳು ಎಡಗೈಯ ಬಳೆಗಳನ್ನು ಹಿಡಿದು ಎಳೆಯತೊಡಗಿದಳು. ಬಿಗಿಯಾಗಿದ್ದವು. ಒಂದು ಒಡೆಯಿತು, ಇನ್ನೊಂದು ಒಡೆಯಿತು. ಮಣಿಕಟ್ಟಿನಲ್ಲಿ ರಕ್ತ ಬಂತು. ಅವ್ವ ಚೀರಿದಳು, “ಬ್ಯಾಡ ನನ್ನವ್ವ, ಬ್ಯಾಡ! ಹಸರಬಳಿ ಒಡೀಬಾರ್ದವ್ವ!” ಮಗಳಿಗೆ ಎಲ್ಲಿ ಕೇಳಬೇಕು. ನಾನು ಕೈ ಹಿಡಿಯಲು ಹೋದೆ, ಕೊಸರಿಕೊಂಡು ಬಲಗೈಯ ಬಳೆಗಳನ್ನೂ ಕಿತ್ತಳು. ಒಡೆಯದೆ ಉಳಿದ ಬಳೆಗಳನ್ನೂ ಚೂರುಗಳನ್ನೂ ಬೊಗಸೆಯಲ್ಲಿ ತುಂಬಿಕೊಂಡು ಹೋಗಿ ಅಧ್ಯಕ್ಷೆಯ ಮೇಜಿನ ಮೇಲೆ ಸುರಿದಳು. ಆಮೇಲೆ ಎರಡೂ ಬರಿಗೈಗಳನ್ನು ಅವರ ಮುಂದೆ ಚಾಚಿ ನಿಂತಳು.

ಯಾರೂ ನನ್ನ ಕಡೆ ತಿರುಗಿ ಇದರರ್ಥವೇನೆಂದು ಕೇಳಲಿಲ್ಲ.

ಮದುವೆ ನಿಂತಿತು. ಅವ್ವನಿಂದಲೂ ಮಾವನಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಹುಡುಗಿ ನಮ್ಮ ಶಾಲೆಯ ವಸತಿಯಲ್ಲಿದ್ದು ಕಲಿಯಲಿ ಎಂದು ಸಮಿತಿ ಹೇಳಿತು. ಅವ್ವ ಒಪ್ಪಿದಳು. ಒಪ್ಪುವಾಗ ತನ್ನ ತಮ್ಮನ ಮುಖ ನೋಡಿದಳು. ಅವನು ಕೈ ಮುಗಿದು, “ನೀವ್ ಹೇಳ್ದಂಗ ಆಗ್ಲಿ ಬಿಡ್ರಿ,” ಎಂದ. ಹೊರಗೆ ಬಂದ ಮೇಲೆ ವರಾಂಡದಲ್ಲಿ ನನ್ನನ್ನು ದಾಟಿ ಹೋಗುತ್ತಾ ಅದೇ ಮೆತ್ತಗಿನ ದನಿಯಲ್ಲಿ, “ಹದಿನೆಂಟ್ ಆಗ್ಲಿ ಬಿಡ್ರಿ ಅಕ್ಕೋರ. ಆಮ್ಯಾಲ ಯಾರ್ ಕೇಳ್ತಾರ ನೋಡೂನು,” ಎಂದ. ಅದರಲ್ಲಿ ಬೆದರಿಕೆ ಏನೂ ಇರಲಿಲ್ಲ. ಬಸ್ಸು ತಡವಾದರೆ ಮುಂದಿನದಕ್ಕೆ ಕಾಯುತ್ತೇನೆ ಎನ್ನುವಂತೆ ಹೇಳಿದ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನಾನು ನಿವೃತ್ತಳಾಗಿದ್ದರೂ ಅವಳಿಗಾಗಿ ಶಾಲೆಗೆ ಹೋಗಿ ಬರತೊಡಗಿದೆ. ಮೊದಲ ವಾರಗಳು ಕಠಿಣ. ಸಂಜೆಯಾದರೆ ಸಾಕು, ನೆಲಕ್ಕೆ ಅಂಗೈ ಊರಿ ಕುಳಿತುಬಿಡುತ್ತಿದ್ದಳು. ನೆಲ ನಡುಗುವುದಿಲ್ಲ, ಅವಳು ಅಳುತ್ತಿದ್ದಳು. ಸತ್ತ ನೆಲದ ಮೇಲೆ ಮಲಗಿಸಿದ್ದೇವೆ ಎಂದು ಅವಳಿಗೆ ಅನಿಸಿರಬೇಕು. ಆದರೆ ಅವಳ ಸುತ್ತ ಕೈಯಲ್ಲಿ ಮಾತಾಡುವ ಮಕ್ಕಳಿದ್ದರು. ಅವರು ಜಗಳವಾಡುತ್ತಿದ್ದರು, ಚಾಡಿ ಹೇಳುತ್ತಿದ್ದರು, ಅಡುಗೆಯವಳ ನಡಿಗೆಯನ್ನು ಅಣಕಿಸುತ್ತಿದ್ದರು. ನಾನು ಹಲಗೆಯ ಮುಂದೆ ಕಲಿಸಿದ್ದಕ್ಕಿಂತ ಹೆಚ್ಚನ್ನು ಅವಳು ಊಟದ ಸಾಲಿನಲ್ಲಿ ಕಲಿತಳು. ಒಂದು ದಿನ ಬಂದು ನನ್ನ ಭುಜ ತಟ್ಟಿ, ‘ನಿನ್ನೆ’ ಎಂದಳು. ‘ನಿನ್ನೆ ನೀನು ಬರಲಿಲ್ಲ.’ ‘ನಾಳೆ ಬರುತ್ತೇನೆ,’ ಎಂದೆ ನಾನು.

ಆ ಚಳಿಗಾಲದಲ್ಲಿ ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋದೆವು. ಮಕ್ಕಳು ಮುರಿದ ಗೋಡೆಗಳ ಮೇಲೆ ಹತ್ತಿ ಇಳಿದು ದಣಿದರು. ನಾನು ನೆರಳಿನಲ್ಲಿ ಕುಳಿತಿದ್ದೆ. ಅವಳು ಬಂದು ಎದುರಿಗೆ ಕುಳಿತಳು. ತಾನು ಓಡಿ ಬಂದ ದಿನದ ಕಥೆಯನ್ನು ತಾನಾಗಿಯೇ ಹೇಳತೊಡಗಿದಳು. ಅಷ್ಟು ಹೊತ್ತಿಗೆ ಅವಳಿಗೆ ಹೇಳಲು ಸಾಕಷ್ಟು ಸನ್ನೆಗಳು ಬಂದಿದ್ದವು.

ಅರಿಷಿಣ ಹಚ್ಚಿದ ಬೆಳಗ್ಗೆ ಮನೆಯವರೆಲ್ಲ ಅಡುಗೆಯ ಗಡಿಬಿಡಿಯಲ್ಲಿದ್ದಾಗ ಅವಳು ಹಿತ್ತಲಿನಿಂದ ಹೊರಟಳು. ಬಸ್ ನಿಲ್ದಾಣದಲ್ಲಿ ಗುಡ್ಡಕ್ಕೆ ಹೊರಟ ಹೆಂಗಸರ ದೊಡ್ಡ ಗುಂಪು ಇತ್ತು. ಅವರ ಹಣೆ ಕೆನ್ನೆಯೆಲ್ಲ ಭಂಡಾರದ ಹಳದಿ. ಅರಿಷಿಣ ಮೆತ್ತಿದ ಹುಡುಗಿ ಅವರ ನಡುವೆ ಸೇರಿದರೆ ಯಾರಿಗೂ ಸಂಶಯ ಬರಲಿಲ್ಲ. ಈಗ ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಕಂಡಕ್ಟರ್ ತಲೆ ಎಣಿಸಿ ಮುಂದೆ ಹೋದ. ಸವದತ್ತಿಯಲ್ಲಿ ಎಲ್ಲರೂ ಇಳಿದರು, ಅವಳೂ ಇಳಿದಳು. ಅವರು ಗುಡ್ಡದ ಬಸ್ಸು ಹತ್ತಿದರು. ಅವಳು ಹತ್ತಲಿಲ್ಲ. ಎಲ್ಲಿಗೆ ಹೋಗಬೇಕೆಂದು ಅವಳು ಯೋಚಿಸಿರಲಿಲ್ಲ.

‘ಯಾಕೆ ಓಡಿದೆ?’ ಎಂದು ಕೇಳಿದೆ. ಮಾವ ಏನಾದರೂ ಮಾಡಿದ್ದನೇ ಎಂಬ ಭಯ ನನಗೆ ಆ ದಿನದಿಂದಲೂ ಇತ್ತು. ಆ ಬಗ್ಗೆ ಬೆಳಗಾವಿಯಲ್ಲಿ ಸಮಾಲೋಚಕಿ ಗೊಂಬೆಗಳನ್ನಿಟ್ಟು ವಿಚಾರಿಸಿದ್ದಳು, ಅಂಥದ್ದೇನೂ ಕಂಡಿರಲಿಲ್ಲ.

ಅವಳು ಬೇರೆಯದನ್ನೇ ಹೇಳಿದಳು. ಅವರ ಓಣಿಯಲ್ಲಿ ಅವಳಿಗೊಬ್ಬ ಗೆಳತಿ ಇದ್ದಳು, ಅವಳಿಗಿಂತ ಸ್ವಲ್ಪ ದೊಡ್ಡವಳು. ಇಬ್ಬರೂ ಕುಂಟಾಬಿಲ್ಲೆ ಆಡುತ್ತಿದ್ದರು. ಗೆಳತಿಗೆ ಹೀಗೇ ಅರಿಷಿಣ ಹಚ್ಚಿದರು, ಹಸಿರು ಬಳೆ ಇಟ್ಟರು, ಕುತ್ತಿಗೆಗೆ ಕಟ್ಟಿದರು. ಹೋದಳು. ತಿರುಗಿ ಬಂದಾಗ ಹೊಟ್ಟೆ ಇಷ್ಟು ದೊಡ್ಡದಾಗಿತ್ತು. ಒಂದು ದಿನ ಅವಳನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಜೀಪು ತಿರುಗಿ ಬಂತು. ಗೆಳತಿ ಬರಲಿಲ್ಲ. ಓಣಿಯವರೆಲ್ಲ ಬಾಯಿ ತೆರೆದು ಅತ್ತರು. ಯಾರೂ ಇವಳಿಗೆ ಏನಾಯಿತೆಂದು ಹೇಳಲಿಲ್ಲ. ಹೇಳಲು ಯಾರಿಗೂ ಬರುತ್ತಿರಲಿಲ್ಲ.

‘ನನಗೆ ಅರಿಷಿಣ ಹಚ್ಚಿ ಬಳೆ ಇಟ್ಟಾಗ ಗೊತ್ತಾಯಿತು,’ ಎಂದಳು. ‘ಮುಂದೆ ಕುತ್ತಿಗೆಗೆ ದಾರ. ಆಮೇಲೆ ಹೊಟ್ಟೆ. ಆಮೇಲೆ ಜೀಪು.’

ಅಷ್ಟು ಹೇಳಿ ಎದ್ದು ಹೋಗಿ ಗೋಡೆ ಹತ್ತಿದಳು. ಒಂದು ಶಬ್ದವೂ ಇಲ್ಲದ ತಲೆಯೊಳಗೆ ಅವಳು ಒಬ್ಬಳೇ ಇದನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಅವಳ ಸುತ್ತ ದೊಡ್ಡವರು ಅಷ್ಟೊಂದು ಜನ ಇದ್ದರು. ಅದೇ ಜೀಪನ್ನು ಅವರೂ ನೋಡಿದ್ದರು.

ಬೇಸಿಗೆ ಸೂಟಿಗೆ ಮಕ್ಕಳು ಊರಿಗೆ ಹೋದರು. ಅವಳನ್ನು ಕರೆದೊಯ್ಯಲು ಅವ್ವನೇ ಬಂದಿದ್ದಳು. ಶಾಲೆ ಮತ್ತೆ ಶುರುವಾದಾಗ ಎಲ್ಲರೂ ಬಂದರು, ಅವಳು ಬರಲಿಲ್ಲ. ಫೋನ್ ಮಾಡಿದರೆ, “ಬರ್ತಾಳ್ರಿ, ಮುಂದಿನ್ ವಾರ ಕರ್ಕೊಂಡ್ ಬರ್ತೇನ್ರಿ,” ಎಂದಳು ಅವ್ವ. ಮುಂದಿನ ವಾರವೂ ಹಾಗೇ ಹೇಳಿದಳು. ಆಮೇಲೆ ಫೋನ್ ಎತ್ತಲಿಲ್ಲ. ನಾನು ಮಕ್ಕಳ ರಕ್ಷಣಾ ಘಟಕದ ಅಧಿಕಾರಿಣಿಯೊಬ್ಬಳನ್ನು ಕರೆದುಕೊಂಡು ರಾಮದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಗೆಳತಿಯನ್ನು ಒಯ್ದ ಆ ಜೀಪು ಬರುತ್ತಿತ್ತು.

ಓಣಿಗೆ ಕಾಲಿಟ್ಟ ಕೂಡಲೇ ಕಾಲ ಕೆಳಗಿನ ನೆಲ ನಡುಗತೊಡಗಿತು. ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ಮಗ್ಗ ಓಡುತ್ತಿದ್ದವು. ಮಾವ ಮನೆಯಲ್ಲಿರಲಿಲ್ಲ. ಹುಡುಗಿ ಮೂಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಮೊದಲು ನೋಡಿದ್ದು ಅವಳ ಕುತ್ತಿಗೆ. ಬರಿದಾಗಿತ್ತು. ಕೈಯಲ್ಲೂ ಬಳೆ ಇರಲಿಲ್ಲ. ನನ್ನನ್ನು ಕಂಡು ಜಿಗಿದು ಬಂದು ಹತ್ತು ಮಾತು ಒಟ್ಟಿಗೇ ಆಡಿದಳು. ಶಾಲೆ ಶುರುವಾಯಿತೇ, ಗೆಳತಿಯರು ಬಂದರೇ, ತನ್ನ ಹಾಸಿಗೆಯನ್ನು ಬೇರೆ ಯಾರಿಗಾದರೂ ಕೊಟ್ಟರೇ.

“ಲಗ್ನ ಮಾಡಿಲ್ರಿ,” ಎಂದಳು ಅವ್ವ, ನಾನು ಕೇಳುವ ಮೊದಲೇ. “ದೇವ್ರಾಣಿ ಮಾಡಿಲ್ಲ.”

“ಮತ್ಯಾಕ ಸಾಲಿಗೆ ಕಳಸ್ಲಿಲ್ಲವ್ವ?”

ಅವಳು ಮಗ್ಗ ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಸೂಟಿಗೆ ಬಂದ್ಲಲ್ರಿ, ಬಂದಾಗಿಂದ ಕೈ ಆಡಿಸಿದ್ದ ಆಡಿಸಿದ್ದು. ನನಗೊಂದೂ ತಿಳೀಲಿಲ್ಲ. ಮೊದಲ ಆಕಿ ಹೇಳಿದ್ದೆಲ್ಲಾ ನನಗ ತಿಳೀತಿತ್ರಿ. ಹಸಿವಿ, ನಿದ್ದಿ, ಹೊಟ್ಟಿಬ್ಯಾನಿ, ಅಂಜಿಕಿ, ಎಲ್ಲಾ. ನಾ ಮಾಡೋ ಕೈಸನ್ನಿ ನೋಡಿ ಈಗ ನಗ್ತಾಳ, ತಪ್ಪು ಅಂತಾಳ. ಈಗ ಆಕಿ ಮಾತಾಡ್ತಾಳ್ರಿ ಅಕ್ಕೋರ, ನಾ ಮೂಗಿ ಆಗೇನಿ.”

ಅಧಿಕಾರಿಣಿ ತೆರೆದಿದ್ದ ಕಡತ ಮುಚ್ಚಿದಳು.

“ಇನ್ನೊಂದ್ ವರ್ಷ ಕಳಸಿದ್ನೆಂದ್ರ ನನ್ನ ಮಗಳು ನನಗ ಪೂರಾ ಹೊರಗಿನಾಕಿ ಆಗ್ತಾಳ,” ಎಂದಳು. “ನನಗಿರೂದು ಒಂದ ಅಲ್ರಿ.”

ಆ ದಿನ ನಾವು ಹಕ್ಕು, ಕಾನೂನು ಎಂದು ಏನೂ ಮಾತಾಡಲಿಲ್ಲ. ನಾನು ಅವ್ವನನ್ನು ಕೂರಿಸಿಕೊಂಡು, “ನೀನೂ ಕಲಿ,” ಎಂದೆ. “ನನಗೆಲ್ಲಿ ಬರತೈತ್ರಿ, ಸಾಲಿ ಕಲ್ತಾಕಿ ಅಲ್ಲ,” ಎಂದಳು. “ಇದಕ್ಕ ಸಾಲಿ ಬೇಕಿಲ್ಲ,” ಎಂದು ‘ಊಟ’ ತೋರಿಸಿದೆ. ‘ಬಾ’. ‘ನೋವು’. ‘ನಾಳೆ’. ಅವ್ವನ ಬೆರಳುಗಳು ನೂಲು ಹಿಡಿದು ಹಿಡಿದು ಬಿರುಸಾಗಿದ್ದವು, ಮಡಚಬೇಕಾದ್ದು ಮಡಚುತ್ತಿರಲಿಲ್ಲ. ಮಗಳು ಹತ್ತಿರ ಬಂದು ಅವ್ವನ ಕೈ ಹಿಡಿದು, ಒಂದೊಂದೇ ಬೆರಳನ್ನು ತಿದ್ದಿ ಕೂರಿಸಿದಳು. ಅವ್ವ ತಪ್ಪು ಮಾಡಿದಾಗ ಮಗಳು ನಕ್ಕಳು, ಅವ್ವನೂ ನಕ್ಕಳು. ಆ ಮಧ್ಯಾಹ್ನ ಅಷ್ಟು ಹೊತ್ತು ಮಗ್ಗ ನಿಂತಿದ್ದಕ್ಕೆ ಮಾವ ಬಂದು ಏನೆಂದನೋ ನನಗೆ ತಿಳಿಯದು. ನಾವು ಆಗಲೇ ಹೊರಟಿದ್ದೆವು. ಅವ್ವನೇ ಬಟ್ಟೆ ಕಟ್ಟಿ ಕಳಿಸಿದ್ದಳು, ಹುಡುಗಿ ನಮ್ಮ ಜೊತೆ ಘಟಕದ ಜೀಪಿನಲ್ಲಿದ್ದಳು. ಹತ್ತುವ ಮುಂಚೆ ಜೀಪನ್ನು ನೋಡಿ ಹಿಂಜರಿದಳು. ನಾನು ಮೊದಲು ಹತ್ತಿ ಕುಳಿತು ಕೈ ಚಾಚಿದ ಮೇಲೆ ಬಂದಳು.

ಇದೆಲ್ಲ ಆಗಿ ಕಾಲ ಸರಿದಿದೆ. ಅವಳು ಈಗ ನನ್ನ ಭುಜಕ್ಕೆ ಬರುತ್ತಾಳೆ. ಕನ್ನಡ ಓದಲು ಕಷ್ಟಪಡುತ್ತಾಳೆ, ಲೆಕ್ಕದಲ್ಲಿ ಚುರುಕು. ರವಿವಾರ ಅವ್ವ ಓಣಿಯ ಯಾರದೋ ಫೋನಿನಿಂದ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಇಬ್ಬರೂ ಕೈಯಲ್ಲಿ ಮಾತಾಡುತ್ತಾರೆ, ಅರ್ಧ ಶಾಲೆಯ ಸನ್ನೆ, ಅರ್ಧ ಮನೆಯ ಸನ್ನೆ. ಎಲ್ಲಾದರೂ ಕೊಂಡಿ ತಪ್ಪಿದರೆ ನಾನು ನಡುವೆ ಸೇರಿಕೊಳ್ಳುತ್ತೇನೆ.

ಹುಡುಗಿಗೆ ಹದಿನೆಂಟು ಎಂದರೆ ಏನೆಂದು ಈಗ ಗೊತ್ತು. ಶಾಲೆಯಲ್ಲಿ ಯಾರೋ ಬಂದು ಕಾನೂನಿನ ಬಗ್ಗೆ ಹೇಳಿ ಹೋದರು. ಹದಿನೆಂಟರ ಕೆಳಗೆ ಮದುವೆ ತಪ್ಪು, ಸಮಿತಿ ಇದೆ, ಪೊಲೀಸರಿದ್ದಾರೆ ಎಂದು ಚಿತ್ರ ತೋರಿಸಿದರು. ಉಳಿದ ಹುಡುಗಿಯರು ಖುಷಿಪಟ್ಟರು. ಇವಳು ಕೈ ಎತ್ತಿ ಕೇಳಿದಳು, ‘ಆಮೇಲೆ?’ ಬಂದವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಆಮೇಲೆ ನೀನು ದೊಡ್ಡವಳು, ನಿನ್ನ ಇಷ್ಟ ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ‘ಆಮೇಲೆ ಮಾತಾಡೋಣ’ ಎಂದೆ.

ಮಾವನಿಗೆ ಇನ್ನೂ ಮದುವೆಯಾಗಿಲ್ಲ. ಆ ಮಗ್ಗಗಳು ಅವನವು, ಆ ಮನೆ ಅವನದು. ಅವ್ವ ಅವನ ಮಗ್ಗ ಓಡಿಸಿಕೊಂಡು ಅವನ ಸೂರಿನ ಕೆಳಗೆ ಇದ್ದಾಳೆ.

ಕಳೆದ ಸಲ ಅವ್ವ ಫೋನ್ ಮಾಡಿದಾಗ ಮೊದಲು ನನ್ನ ಜೊತೆ ಮಾತಾಡಿದಳು. “ಅಕ್ಕೋರ, ‘ನಿನಗೇನ್ ಬೇಕು’ ಅನ್ನೂದನ್ನ ಹೆಂಗ್ ಮಾಡೂದು ಹೇಳಿಕೊಡ್ರಿ.” ತೋರಿಸಿದೆ. ತೆರೆಯ ಮೇಲೆ ಅವಳು ಎರಡು ಮೂರು ಸಲ ಮಾಡಿ ನೋಡಿ, ಮಗಳನ್ನು ಕರೆಯಿರಿ ಎಂದಳು. ಮಗಳು ಬಂದಳು. ಅವ್ವ ಆ ಬಿರುಸು ಬೆರಳಿನಿಂದ ಕೇಳಿದಳು: ನಿನಗೇನು ಬೇಕು?

ಹುಡುಗಿ ನನ್ನ ಮುಖ ನೋಡಿದಳು. ಅವ್ವ ಅದನ್ನು ಕೇಳುತ್ತಾಳೆಂದು ಅವಳು ನಿರೀಕ್ಷಿಸಿರಲಿಲ್ಲ. ಆಮೇಲೆ ಅವಳ ಕೈ ನಿಧಾನವಾಗಿ ಎದ್ದಿತು. ನನಗೆ ಮಗ್ಗ ಬೇಕು, ಎಂದಳು. ನನ್ನದೇ ಮಗ್ಗ. ನೀನು ಬೇಕು. ಬೇರೆ ಮನೆ ಬೇಕು, ಚಿಕ್ಕದಾದರೂ ಆಗುತ್ತದೆ. ಕೊನೆಗೆ, ಶಾಲೆಯ ಸನ್ನೆ ಬಿಟ್ಟು ಮನೆಯ ಸನ್ನೆಯಲ್ಲಿ, ಅಳಿಸಿದ ಕುಂಕುಮ ತೋರಿಸಿ, ಮೀಸೆ ತೋರಿಸಿ, ತಲೆ ಅಲ್ಲಾಡಿಸಿದಳು.

ನಾನು ಏನೂ ತಿಳಿಸಿ ಹೇಳಬೇಕಾಗಲಿಲ್ಲ. ಅವ್ವ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಳು. ಫೋನು ಅಲುಗಾಡಿತು, ಸ್ವಲ್ಪ ಹೊತ್ತು ಬರೀ ಸೂರಿನ ತೊಲೆ ಕಾಣಿಸಿತು. ಮತ್ತೆ ಮುಖ ಬಂದಾಗ ಅವಳು ನನ್ನನ್ನು ಕೇಳಿದಳು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ:

“ಆಕಿ ಹೇಳಿದ್ದೆಲ್ಲಾ ತಿಳೀತ್ರಿ. ನನ್ನ ತಮ್ಮಗ ಹೆಂಗ್ ಹೇಳ್ಲಿ? ಈ ಮನಿ ಬಿಟ್ಟು ನಾವಿಬ್ರು ಎಲ್ಲಿಗೆ ಹೋಗೂನ್ರಿ?”

ರಕ್ಷಣಾ ಘಟಕದ ಅಧಿಕಾರಿಣಿಗೆ ನಾನು ಮರುದಿನವೇ ಹೇಳಿದೆ. ವಿಧವೆಯರಿಗೆ ಮಗ್ಗ ಕೊಡಿಸುವ ಯಾವುದೋ ಯೋಜನೆ ಇದೆ, ವಿಚಾರಿಸುತ್ತೇನೆ ಎಂದಳು. ಒಳ್ಳೆಯ ಹುಡುಗಿ, ವಿಚಾರಿಸುತ್ತಿದ್ದಾಳೆ. ನಾನು ರಾಮದುರ್ಗದಲ್ಲಿ ಪರಿಚಯದವರೊಬ್ಬರ ಬಳಿ ಒಂದು ಬಾಡಿಗೆ ಕೋಣೆ ಹುಡುಕಲು ಹೇಳಿದ್ದೇನೆ. ಕಿವುಡ ಹುಡುಗಿ ಎಂದರೆ ಅವರು ಹೂಂ ಎಂದರು, ಗಂಡಸಿಲ್ಲದ ಮನೆ ಎಂದಾಗ ಯೋಚಿಸಿ ಹೇಳುತ್ತೇವೆ ಎಂದರು. ಇನ್ನೂ ಹೇಳಿಲ್ಲ.

ಅವಳು ಪ್ರತಿ ಸಲ ನಾನು ಶಾಲೆಗೆ ಹೋದಾಗ ಗೇಟಿನ ಹತ್ತಿರ ನಿಂತಿರುತ್ತಾಳೆ. ‘ಮನೆ ಸಿಕ್ಕಿತೇ?’ ಎಂದು ಕೇಳುತ್ತಾಳೆ. ‘ನೋಡುತ್ತಿದ್ದೇವೆ’ ಎನ್ನುತ್ತೇನೆ. ತಲೆಯಾಡಿಸಿ ತರಗತಿಗೆ ಹೋಗುತ್ತಾಳೆ.